ಹವ್ಯಾಸಿ ಜಾಲತಾಣ

ಲಾಭದ ಉದ್ದೇಶವಿಲ್ಲದೆ, ತಮಗೆ ಪ್ರಿಯವಾದ ವಿಷಯವನ್ನು ಕುರಿತು ಒಬ್ಬ ವ್ಯಕ್ತಿ ಅಥವಾ ಒಂದು ಕುಟುಂಬ ಸ್ವಂತ ಖರ್ಚಿನಲ್ಲಿ ನಡೆಸುವ ಅಂತರಜಾಲ ತಾಣ. ಕನ್ನಡದಲ್ಲಿ ಇದರ ಚರಿತ್ರೆ 1996ರ ಡಿಸೆಂಬರಿನಿಂದ ಆರಂಭವಾಗುತ್ತದೆ. ಆಗ ಮುಂಬಯಿಯ ಭಾಭಾ ಪರಮಾಣು ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿಯಾಗಿದ್ದ ಯು.ಬಿ. ಪವನಜ ಅವರು ‘ವಿಶ್ವಕನ್ನಡ’ವನ್ನು ತೆರೆದರು. ಅದನ್ನು ಕನ್ನಡದ ಮೊದಲ ಅಂತರಜಾಲ ಪತ್ರಿಕೆಯೆಂದು ಪರಿಗಣಿಸಲಾಗಿದೆ.

ಭಾರತದಲ್ಲಿ ಸಾರ್ವಜನಿಕರಿಗೆ ಅಂತರಜಾಲ ದೊರೆತದ್ದು 1995ರ ಆಗಸ್ಟ್ 15ರಂದು, ಅದೂ ಮಹಾನಗರಗಳಿಗೆ ಮಾತ್ರ. ಶಿವಮೊಗ್ಗ, ಭದ್ರಾವತಿಗಳಂಥ ಊರುಗಳಿಗೆ ಅದು ತಡವಾಗಿ ಬಂತು. ಮೊದಲಿಗೆ ಬಂದದ್ದು ಟೆಲಿಫೋನ್ ತಂತಿಯ ಡಯಲ್-ಅಪ್. ನೆಟ್ ಹತ್ತಿದರೆ ಮನೆಯ ಫೋನು ಎಂಗೇಜ್. ಒಂದು ಫೋಟೊ ಏರಿಸುವಷ್ಟರಲ್ಲಿ ಕರೆಯ ಬಿಲ್ಲೂ ಏರುತ್ತಿತ್ತು. ಬಿಎಸ್‌ಎನ್‌ಎಲ್ 2005ರಲ್ಲಿ ಬ್ರಾಡ್‌ಬ್ಯಾಂಡ್ ಸೇವೆ ಆರಂಭಿಸಿದ ಮೇಲೆಯೇ ಸಣ್ಣ ಊರಿನ ಮನೆಯಲ್ಲಿ ಕುಳಿತು ತಾಣ ನಡೆಸುವುದು ಕೈಗೆಟುಕುವ ಮಾತಾಯಿತು.

ಹೀಗಾಗಿ ಮಲೆನಾಡು, ಕರಾವಳಿಗಳ ವಿಷಯ ಜಾಲಕ್ಕೆ ಹೋದದ್ದು ಹೆಚ್ಚಾಗಿ ಹೊರಗೆ ನೆಲೆಸಿದವರ ಕೈಯಿಂದ. ‘ಕಾಮತ್ಸ್ ಪಾಟ್‌ಪುರಿ’ ಇದಕ್ಕೆ ಒಳ್ಳೆಯ ಉದಾಹರಣೆ. ಹೊನ್ನಾವರ ಮೂಲದ ವಿಜ್ಞಾನಿ, ಛಾಯಾಗ್ರಾಹಕ, ಲೇಖಕ ಕೃಷ್ಣಾನಂದ ಕಾಮತ್ (1934–2002) ತೆಗೆದ ಚಿತ್ರಗಳು, ಇತಿಹಾಸತಜ್ಞೆಯೂ ಆಕಾಶವಾಣಿಯ ಅಧಿಕಾರಿಯೂ ಆಗಿದ್ದ ಅವರ ಪತ್ನಿ ಜ್ಯೋತ್ಸ್ನಾ ಕಾಮತ್ ಬರೆದ ಲೇಖನಗಳು—ಇವನ್ನು ಅಮೆರಿಕದಲ್ಲಿದ್ದ ಮಗ ವಿಕಾಸ್ ಕಾಮತ್ 1990ರ ದಶಕದ ಉತ್ತರಾರ್ಧದಿಂದ ಜಾಲಕ್ಕೆ ಏರಿಸತೊಡಗಿದರು. ತಾಣದ ಭಾಷೆ ಬಹುಪಾಲು ಇಂಗ್ಲಿಷ್. ದೇವಾಲಯ, ಜನಪದ ಕಲೆ, ಅಡುಗೆ, ಗಿಡಮರ ಎಲ್ಲವೂ ಒಂದೇ ಮನೆಯವರ ಆಸಕ್ತಿಗೆ ತಕ್ಕಂತೆ ಸೇರಿಕೊಂಡಿರುವುದರಿಂದ ವರ್ಗೀಕರಣ ಅಸ್ತವ್ಯಸ್ತ. ಆದರೂ ಕರ್ನಾಟಕದ ಬಗ್ಗೆ ಹುಡುಕುವವರಿಗೆ ಅದು ಅನೇಕ ವರ್ಷ ಸುಲಭವಾದ ಆಕರವಾಗಿತ್ತು.

ಕನ್ನಡದಲ್ಲೇ ಬರೆಯಹೊರಟವರನ್ನು ಕಾಡಿದ್ದು ಫಾಂಟ್. ಪ್ರತಿ ಭಾಷೆಯ ಅಕ್ಷರಗಳಿಗೂ ಪ್ರತ್ಯೇಕ ಸಂಕೇತ ಕೊಡುವ ಯೂನಿಕೋಡ್‌ಗೆ ಪೂರ್ವದ ಪದ್ಧತಿಯಲ್ಲಿ ಇಂಗ್ಲಿಷ್ ಅಕ್ಷರಗಳ ಸಂಕೇತಸ್ಥಾನಗಳಲ್ಲಿ ಕನ್ನಡ ಅಕ್ಷರಭಾಗಗಳನ್ನು ಕೂರಿಸಲಾಗುತ್ತಿತ್ತು. ಬರೆದವರ ಫಾಂಟು ಓದುವವರ ಕಂಪ್ಯೂಟರಿನಲ್ಲಿ ಇಲ್ಲದಿದ್ದರೆ ಪುಟದ ತುಂಬ ಅರ್ಥವಿಲ್ಲದ ರೋಮನ್ ಚಿಹ್ನೆಗಳು. ಪುಟದೊಂದಿಗೇ ಇಳಿದು ಬರುವ ಡೈನಮಿಕ್ ಫಾಂಟ್ ಕೆಲಕಾಲ ಇದಕ್ಕೆ ಪರಿಹಾರವೆನಿಸಿದರೂ ಎಲ್ಲ ಬ್ರೌಸರುಗಳಲ್ಲಿ ಅದು ನಡೆಯಲಿಲ್ಲ. 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಹೊರತಂದ ‘ಬರಹ’ ತಂತ್ರಾಂಶವು ಮನೆಮನೆಯ ಟೈಪಿಂಗನ್ನು ಸುಲಭಗೊಳಿಸಿತು. ಕನ್ನಡ ಯೂನಿಕೋಡನ್ನು ಸರಿಯಾಗಿ ತೋರಿಸುವ ವಿಂಡೋಸ್ ಎಕ್ಸ್‌ಪಿ (2001) ಹರಡಿದ ಮೇಲೆ ಪುಟಗಳು ಸರ್ಚ್ ಎಂಜಿನ್ನಿಗೂ ಸಿಗತೊಡಗಿದವು. ಹಳೆಯ ಫಾಂಟಿನಿಂದ ಪರಿವರ್ತನೆಯಾಗದೆ ಉಳಿದ ಬರಹ ಮಾತ್ರ ಜಾಲದಲ್ಲಿ ಇದ್ದೂ ಇಲ್ಲದಂತಾಯಿತು.

ಎರಡನೆಯ ಪೆಟ್ಟು ಬಿದ್ದದ್ದು ಉಚಿತ ಜಾಗ ನಂಬಿದವರಿಗೆ. 1994ರಲ್ಲಿ ಆರಂಭವಾದ ಜಿಯೋಸಿಟೀಸ್ ಜಗತ್ತಿನ ಲಕ್ಷಾಂತರ ಹವ್ಯಾಸಿಗಳಿಗೆ ಪುಕ್ಕಟೆ ನೆಲೆಯಾಗಿತ್ತು. 1999ರಲ್ಲಿ ಅದನ್ನು ಕೊಂಡ ಯಾಹೂ 2009ರ ಅಕ್ಟೋಬರ್‌ನಲ್ಲಿ ಅಮೆರಿಕದ ಸೇವೆಯನ್ನು ಮುಚ್ಚಿತು. ಸ್ವಯಂಸೇವಕರು ಹಾಗೂ ಇಂಟರ್‌ನೆಟ್ ಆರ್ಕೈವ್ ಉಳಿಸಿಕೊಂಡಷ್ಟು ಪುಟಗಳೇ ಇಂದು ಲಭ್ಯ. ಡೊಮೈನ್ ಕೊಂಡವರೂ ಅದನ್ನು ಕಾಲಕಾಲಕ್ಕೆ ನವೀಕರಿಸಬೇಕು. ನಡೆಸುವವರು ತೀರಿಕೊಂಡು ಪಾಸ್‌ವರ್ಡ್ ಮನೆಯವರಿಗೆ ಗೊತ್ತಿಲ್ಲದಿದ್ದರೆ ತಾಣದ ಆಯಸ್ಸು ಮುಂದಿನ ಬಿಲ್ಲಿನವರೆಗೆ.

2010ರ ದಶಕದಲ್ಲಿ ಫೇಸ್‌ಬುಕ್, ವಾಟ್ಸ್ಯಾಪ್ ಹರಡಿದ ಮೇಲೆ ಈ ದುಡಿಮೆಯೇ ಬೇಡವೆನಿಸಿತು. 2011ರ ಹೊತ್ತಿಗೆ ಬ್ರಾಡ್‌ಗೇಜ್ ಆದ ಶಿವಮೊಗ್ಗ–ತಾಳಗುಪ್ಪ ಮಾರ್ಗದಲ್ಲಿ ಹಿಂದೆ ಓಡುತ್ತಿದ್ದ ರೈಲುಬಸ್ಸು, 1923ರಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆ, ಅಲ್ಲಿನ ಕಾಗದ ಕಾರ್ಖಾನೆಯ ಕಾಲೊನಿ ಬದುಕು—ಇವೆಲ್ಲ ಹವ್ಯಾಸಿ ತಾಣಕ್ಕೆ ಹೇಳಿಮಾಡಿಸಿದ ವಿಷಯಗಳು. ಇಂಥವುಗಳ ಚಿತ್ರ, ನೆನಪುಗಳು ಈಗ ಸದಸ್ಯರಿಗಷ್ಟೇ ಕಾಣುವ ಗುಂಪುಗಳಿಗೆ ಹೋಗುತ್ತವೆ. ಅಲ್ಲಿ ಮುಚ್ಚಿದ ಗುಂಪಿನೊಳಗೆ ಹಾಕಿದ್ದನ್ನು ಸರ್ಚ್ ಎಂಜಿನ್ ಹುಡುಕಿ ಕೊಡುವುದಿಲ್ಲ.