ಒಂದು ಹಸ್ತ, ಹಲವು ಅರ್ಥ

ಭರತನಾಟ್ಯ ಪ್ರದರ್ಶನಕ್ಕೆ ಮೊದಲ ಬಾರಿ ಹೋದವರನ್ನು ಕಾಡುವ ಪ್ರಶ್ನೆ ಒಂದೇ: ಆ ಕೈಗಳು ಹೇಳುತ್ತಿರುವುದಾದರೂ ಏನು? ನರ್ತಕಿಯ ಬೆರಳುಗಳು ಕ್ಷಣಕ್ಕೊಂದು ಆಕಾರ ತಾಳುತ್ತವೆ. ಪಕ್ಕದ ರಸಿಕರು ತಲೆದೂಗುತ್ತಾರೆ. ಹೊಸಬರು ಮಾತ್ರ, ಇದಕ್ಕೊಂದು ನಿಘಂಟು ಇದ್ದಿದ್ದರೆ ಎಂದುಕೊಳ್ಳುತ್ತಾರೆ.

ನಿಘಂಟು ಇದೆ. ಭರತನ 'ನಾಟ್ಯಶಾಸ್ತ್ರ' ಒಂದೇ ಕೈಯಿಂದ ತೋರಿಸುವ 24 ಅಸಂಯುತ ಹಸ್ತಗಳನ್ನೂ, ಎರಡೂ ಕೈ ಸೇರಿಸಿ ತೋರಿಸುವ 13 ಸಂಯುತ ಹಸ್ತಗಳನ್ನೂ ಹೆಸರಿಸುತ್ತದೆ. ನಂತರ ಬಂದ ನಂದಿಕೇಶ್ವರನ 'ಅಭಿನಯ ದರ್ಪಣ'ದಲ್ಲಿ ಇವುಗಳ ಸಂಖ್ಯೆ 28 ಮತ್ತು 23. ಇಂದು ನೃತ್ಯ ಕಲಿಯುವ ಮಕ್ಕಳು ಹೆಚ್ಚಾಗಿ ಬಾಯಿಪಾಠ ಮಾಡುವುದು ಈ ಎರಡನೆಯ ಪಟ್ಟಿಯನ್ನೇ. ಕೇರಳದ ಕಥಕ್ಕಳಿಗೆ 'ಹಸ್ತಲಕ್ಷಣ ದೀಪಿಕೆ' ಆಧಾರ. ಅಲ್ಲಿ ಮೂಲ ಮುದ್ರೆಗಳು 24.

ಆದರೆ ಪಟ್ಟಿ ಬಾಯಿಗೆ ಬಂದ ಮಾತ್ರಕ್ಕೆ ಅರ್ಥ ಹೊಳೆಯುವುದಿಲ್ಲ. ಬೆರಳುಗಳನ್ನು ಜೋಡಿಸಿ ನೇರ ಚಾಚಿ, ಹೆಬ್ಬೆರಳನ್ನು ಮಡಿಸಿದರೆ ಅದು 'ಪತಾಕ'. ಇದೊಂದೇ ಹಸ್ತ ಮೋಡವಾಗುತ್ತದೆ, ಕಾಡಾಗುತ್ತದೆ, ರಾತ್ರಿ, ನದಿ, ಕುದುರೆ, ಗಾಳಿ, ಬೆಳದಿಂಗಳು ಎಲ್ಲವೂ ಆಗುತ್ತದೆ. 'ಬೇಡ' ಎನ್ನುವುದಕ್ಕೂ ಇದೇ ಹಸ್ತ. ಪತಾಕದಲ್ಲಿ ಉಂಗುರದ ಬೆರಳನ್ನು ಮಡಿಸಿದರೆ 'ತ್ರಿಪತಾಕ': ಕಿರೀಟ, ಮರ, ದೀಪ. ಮುಷ್ಟಿ ಕಟ್ಟಿ ಹೆಬ್ಬೆರಳನ್ನು ಮೇಲೆತ್ತಿದರೆ 'ಶಿಖರ': ಮನ್ಮಥ, ಬಿಲ್ಲು, ಕಂಬ, ಗಂಡ!

ಹಾಗಾದರೆ ನೋಡುಗರಿಗೆ ತಿಳಿಯುವುದು ಹೇಗೆ? ಶಾಸ್ತ್ರ ಇದನ್ನು 'ವಿನಿಯೋಗ' ಎನ್ನುತ್ತದೆ. ಕನ್ನಡದ 'ಅಡಿ' ಎಂಬ ಪದಕ್ಕೆ ಪಾದ, ಕೆಳಗೆ, ಅಳತೆ ಎಂಬ ಅರ್ಥಗಳಿವೆ. ಯಾವುದೆಂದು ನಿರ್ಧಾರವಾಗುವುದು ವಾಕ್ಯದಲ್ಲಿ ಬಳಸಿದಾಗ. ಹಸ್ತವೂ ಹಾಗೆಯೇ. ಕೈಯ ದಿಕ್ಕು, ಚಲನೆ, ಹಾಡಿನ ಸಾಹಿತ್ಯ, ಕಣ್ಣಿನ ನೋಟ ಇವೆಲ್ಲ ಕೂಡಿದಾಗ ಅರ್ಥ ಹುಟ್ಟುತ್ತದೆ.

ಈ ವಿನಿಯೋಗವನ್ನು ಗ್ರಂಥ ಹೆಸರಿಸಬಲ್ಲದು. ಮಾಡಿ ತೋರಿಸಬೇಕಾದವರು ಗುರುಗಳು. ಬಹುಕಾಲ ಈ ವಿದ್ಯೆ ಉಳಿದದ್ದು ದೇವದಾಸಿಯರಲ್ಲಿ, ಆಸ್ಥಾನ ನರ್ತಕಿಯರಲ್ಲಿ. ಮೈಸೂರು ಸಂಸ್ಥಾನ 1909ರಲ್ಲಿ ಮುಜರಾಯಿ ದೇವಾಲಯಗಳ ದೇವದಾಸಿ ಸೇವೆಯನ್ನು ನಿಲ್ಲಿಸಿತು. ಮದ್ರಾಸ್ ಪ್ರಾಂತ್ಯದಲ್ಲಿ 1947ರಲ್ಲಿ ನಿಷೇಧ ಕಾಯ್ದೆ ಬಂತು. ಸುಧಾರಣೆಯ ಉದ್ದೇಶ ಸ್ತ್ರೀಯರ ಶೋಷಣೆಯನ್ನು ತಪ್ಪಿಸುವುದು. ಆದರೆ ಅದರೊಡನೆ ಕಲೆಯನ್ನು ಕಾಪಾಡಿಕೊಂಡು ಬಂದಿದ್ದವರೇ ನೆಲೆ ಕಳೆದುಕೊಂಡರು. ಇದೇ ಅವಧಿಯಲ್ಲಿ, 1917ರಲ್ಲಿ, ಆನಂದ ಕುಮಾರಸ್ವಾಮಿ ಮತ್ತು ದುಗ್ಗಿರಾಲ ಗೋಪಾಲಕೃಷ್ಣಯ್ಯ ಮಾಡಿದ 'ಅಭಿನಯ ದರ್ಪಣ'ದ ಇಂಗ್ಲಿಷ್ ಅನುವಾದ ಅಮೆರಿಕದಲ್ಲಿ ಪ್ರಕಟವಾಯಿತು. ಗ್ರಂಥಕ್ಕೆ ಗೌರವ ದೊರೆಯಿತು, ಕಲಾವಿದೆಯರಿಗೆ ದೊರೆಯಲಿಲ್ಲ.

ಆದರೂ ಮೈಸೂರಿನಲ್ಲಿ ಕೊಂಡಿ ಕಳಚಲಿಲ್ಲ. ಅಭಿನಯಕ್ಕೆ ಹೆಸರಾದ ಜಟ್ಟಿ ತಾಯಮ್ಮ (1857–1947) ತಮ್ಮ ವಿದ್ಯೆಯನ್ನು ಲಂಬಾಣಿ ಕುಟುಂಬದಲ್ಲಿ ಹುಟ್ಟಿದ ಕೆ. ವೆಂಕಟಲಕ್ಷಮ್ಮನವರಿಗೆ (1906–2002) ಧಾರೆಯೆರೆದರು. ಆಸ್ಥಾನ ವಿದುಷಿಯಾಗಿದ್ದ ವೆಂಕಟಲಕ್ಷಮ್ಮ ಮುಂದೆ ಮೈಸೂರು ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದರು. 1992ರಲ್ಲಿ ಅವರಿಗೆ ಪದ್ಮಭೂಷಣ ಸಂದಿತು.

ಆದ್ದರಿಂದ ಹಸ್ತಗಳ ಹೆಸರು ತಿಳಿಯದೆಂದು ಹೊಸ ಪ್ರೇಕ್ಷಕರು ಹಿಂಜರಿಯಬೇಕಿಲ್ಲ. ಹಾಡಿನ ಸಾಲಿಗೆ ಕಿವಿಗೊಟ್ಟು, ಕೈಯ ಜೊತೆಗೆ ಕಣ್ಣನ್ನೂ ಗಮನಿಸಿದರೆ, ಮೋಡ ಯಾವುದು, ನದಿ ಯಾವುದು ಎಂಬುದು ತಾನಾಗಿ ತಿಳಿಯತೊಡಗುತ್ತದೆ.