ದಾವಣಗೆರೆಯ ಪೇಟೆಯೂ ಪ್ರಭುತ್ವವೂ

ನಮ್ಮ ನಾಡಿನ ಪಟ್ಟಣಗಳಲ್ಲಿ ಕೆಲವು ರಾಜಧಾನಿಗಳಾಗಿ ಬೆಳೆದುವು. ಕೆಲವು ಕ್ಷೇತ್ರಗಳಾಗಿ ಬೆಳೆದುವು. ಮತ್ತೆ ಕೆಲವು ಕೇವಲ ಪೇಟೆಗಳಾಗಿಯೇ ಬೆಳೆದುವು. ಚಿತ್ರದುರ್ಗವು ಮೊದಲನೆಯ ವರ್ಗಕ್ಕೆ ಸೇರಿದುದು. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕನಾದ ಪೋಲಾಳ್ವನು 1224ರಲ್ಲಿ ಕಟ್ಟಿಸಿದ ಹರಿಹರೇಶ್ವರ ದೇವಾಲಯವನ್ನು ಆಶ್ರಯಿಸಿ ನಿಂತ ಹರಿಹರವು ಎರಡನೆಯದಕ್ಕೆ ಸೇರಿದುದು. ಅಲ್ಲಿಂದ ಸುಮಾರು 14 ಕಿಲೋಮೀಟರು ದೂರದಲ್ಲಿರುವ ದಾವಣಗೆರೆಗಾದರೋ ದೊಡ್ಡ ದುರ್ಗವೂ ಇಲ್ಲ, ತೀರ್ಥಮಹಿಮೆಯೂ ಇಲ್ಲ. ಇಂದು ಎಂ.ಸಿ.ಸಿ. ಬಡಾವಣೆಯ ನೇರವಾದ ಬೀದಿಗಳಲ್ಲಿ ವಿಶಾಲವಾದ ಮನೆಗಳನ್ನು ನೋಡುತ್ತ ಬಂದು, ಮಂಡಿಪೇಟೆ ಚೌಕಿಪೇಟೆಗಳ ಇಕ್ಕಟ್ಟಿನೊಳಕ್ಕೆ ಹೊಕ್ಕವನಿಗೆ, ಈ ಊರಿನ ಸಂಪತ್ತು ಯಾವ ದಾರಿಯಿಂದ ಯಾವ ದಾರಿಗೆ ಹರಿಯಿತೆಂಬುದು ಕಾಲ್ನಡಿಗೆಯಲ್ಲಿಯೇ ತಿಳಿದುಬರುತ್ತದೆ. ಮಂಡಿಯೆಂದರೆ ವ್ಯಾಪಾರದ ಸ್ಥಳ. ಚೌಕಿಯೆಂದರೆ ಕಾವಲಿನ ಅಥವಾ ಸುಂಕದ ಕಟ್ಟೆ. ಹೆಸರುಗಳಿಂದಲೇ ಇತಿಹಾಸವನ್ನು ನಿರ್ಣಯಿಸುವುದು ಅಪಾಯಕರವಾದುದಾದರೂ, ಇವೆರಡು ಪೇಟೆಗಳು ಒಂದರ ಮಗ್ಗುಲಲ್ಲೊಂದು ಇರುವುದು ಈ ಲೇಖನದ ವಿಷಯಕ್ಕೆ ಒಳ್ಳೆಯ ಪೀಠಿಕೆಯಾಗಿದೆ.

ಸರ್ಕಾರದ ಕಾರ್ಯವು ಪ್ರಜೆಗಳ ಪ್ರಾಣವನ್ನೂ ಸ್ವತ್ತನ್ನೂ ಅವರು ಮಾಡಿಕೊಂಡ ಕರಾರುಗಳನ್ನೂ ಕಾಪಾಡುವುದಷ್ಟೇ. ಮಿಕ್ಕುದನ್ನೆಲ್ಲ ಕೊಳ್ಳುವವರ ಮತ್ತು ಮಾರುವವರ ಇಚ್ಛೆಗೆ ಬಿಟ್ಟರೆ ದೇಶವು ತಾನಾಗಿ ಸಮೃದ್ಧವಾಗುವುದು: ಇದು ಸ್ವಾತಂತ್ರ್ಯವಾದಿಗಳೆನಿಸಿಕೊಂಡ ಅರ್ಥಶಾಸ್ತ್ರಜ್ಞರ ಸಿದ್ಧಾಂತ. ಇದು ಪಾಶ್ಚಾತ್ಯರಿಂದ ಬಂದ ಸರಕೆಂದು ತಳ್ಳಿಬಿಡುವವರುಂಟು. ಆದರೆ ಸ್ವತಂತ್ರ ಭಾರತದಲ್ಲಿ ಇದನ್ನು ಅತ್ಯಂತ ನಿಷ್ಠುರವಾಗಿ ಪ್ರತಿಪಾದಿಸಿದ ವಿದ್ವಾಂಸರು ಅಂದಿನ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದು ಇಂದು ಕಾಸರಗೋಡು ಜಿಲ್ಲೆಯಲ್ಲಿರುವ ಬೆಳ್ಳಿಕೋತು ಗ್ರಾಮದಲ್ಲಿ 1905ರಲ್ಲಿ ಹುಟ್ಟಿದ ಬಿ. ಆರ್. ಶೆಣೈಯವರು. ಎರಡನೆಯ ಪಂಚವಾರ್ಷಿಕ ಯೋಜನೆಯನ್ನು ವಿಮರ್ಶಿಸಲು ನೇಮಕವಾದ ಅರ್ಥಶಾಸ್ತ್ರಜ್ಞರ ಮಂಡಲಿಯಲ್ಲಿ ಉಳಿದವರೆಲ್ಲರೂ ಸಮ್ಮತಿಸಿದಾಗ, 1955ರಲ್ಲಿ ಇವರೊಬ್ಬರೇ ಭಿನ್ನಮತದ ಟಿಪ್ಪಣಿಯನ್ನು ಬರೆದರು. ನೋಟುಗಳನ್ನು ಅಚ್ಚುಹಾಕಿ ಖರ್ಚನ್ನು ತೂಗಿಸುವುದರಿಂದ ಬೆಲೆಗಳೇರುವುವೆಂದೂ, ಬೆಲೆಯೇರಿದಾಗ ನಿಯಂತ್ರಣಗಳು ಹೆಚ್ಚುವುವೆಂದೂ, ನಿಯಂತ್ರಣಗಳು ಹೆಚ್ಚಿದಾಗ ಪ್ರಜಾಸ್ವಾತಂತ್ರ್ಯವು ಕುಗ್ಗುವುದೆಂದೂ ಅವರ ವಾದ. ಅದೇ ಕನ್ನಡ ನಾಡಿನಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಭಾರತಕ್ಕೆ ಯೋಜಿತವಾದ ಆರ್ಥಿಕ ವ್ಯವಸ್ಥೆ ಬೇಕೆಂದು 1934ರಲ್ಲಿಯೇ ಗ್ರಂಥವನ್ನು ಬರೆದಿದ್ದರು. ಯೋಜನೆಯ ಆದ್ಯ ಪ್ರವರ್ತಕರೂ ಅದರ ಏಕಾಂಗಿ ಪ್ರತಿವಾದಿಯೂ ನಮ್ಮ ನೆರೆಹೊರೆಯವರೇ ಆದುದು ವಿಶೇಷವಲ್ಲವೆ? ಈ ಇಬ್ಬರ ನಡುವಣ ವ್ಯಾಜ್ಯವನ್ನು ಗ್ರಂಥಗಳಿಂದ ತೀರ್ಮಾನಿಸುವುದಕ್ಕಿಂತ ಒಂದು ಪೇಟೆಯ ಚರಿತ್ರೆಯಲ್ಲಿ ಒರೆಗೆ ಹಚ್ಚಿ ನೋಡುವುದು ಉಚಿತವೆಂದು ತೋರಿ ದಾವಣಗೆರೆಯನ್ನು ಆರಿಸಿಕೊಂಡಿದ್ದೇನೆ.

ಮೈಸೂರು ಗೆಜೆಟಿಯರನ್ನು ರಚಿಸಿದ ರೈಸ್ ಸಾಹೇಬರ ಹೇಳಿಕೆಯಂತೆ ದಾವಣಗೆರೆಯು ಮೊದಲು ಬೇತೂರಿಗೆ ಸೇರಿದ, ಹೆಸರಿಲ್ಲದ ಒಂದು ಹಳ್ಳಿ. ಹೈದರಾಲಿಯು ಇದನ್ನು ಅಪೋಜಿ ರಾಮನೆಂಬ ಮರಾಠಾ ಸರದಾರನಿಗೆ ಜಹಗೀರಾಗಿ ಕೊಟ್ಟನು. ಆತನು ವರ್ತಕರನ್ನು ಕರೆದು ನೆಲೆಗೊಳಿಸಿದನು. ಮಲೆನಾಡಿನ ಅಡಕೆ ಮೆಣಸುಗಳು ಇಲ್ಲಿಗೆ ಬಂದು, ಇಲ್ಲಿಂದ ಎತ್ತುಗಳ ಮೇಲೆ ಆರ್ಕಾಟಿನ ಸೀಮೆಯ ವಾಲಾಜಾಪೇಟೆಗೆ ಹೋಗುತ್ತಿದ್ದುವು. ಮದರಾಸಿನ ರೇವಿಗೆ ಹಡಗುಗಳಲ್ಲಿ ಬಂದ ಸರಕುಗಳು ಅಲ್ಲಿಂದ ಹಿಂದಿರುಗಿ ಬರುತ್ತಿದ್ದುವು. ಇದಲ್ಲದೆ ಊರಿನ ಸುತ್ತಮುತ್ತ ನೇಯುತ್ತಿದ್ದ ಕಂಬಳಿಗಳಿಗೆ ದೂರದೂರದಲ್ಲಿ ಬೇಡಿಕೆಯಿದ್ದಿತು. 1801ರಲ್ಲಿ ಈ ಮಾರ್ಗವಾಗಿ ಸಂಚರಿಸಿದ ಬುಕನನ್ನನೂ ಈ ಪೇಟೆಯ ಏಳಿಗೆಯನ್ನು ಗುರುತಿಸಿದ್ದಾನೆ.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಜಹಗೀರೆಂಬುದು ಪ್ರಭುತ್ವದ ದಾನ. ಆದುದರಿಂದ ಈ ಪೇಟೆಯು ಅರಸರ ಹಂಗಿಲ್ಲದೆ ಹುಟ್ಟಿತೆನ್ನಲಾಗದು. ಆದರೆ ಜಹಗೀರುದಾರನು ತಾನೇ ಅಂಗಡಿ ಹೂಡಲಿಲ್ಲ, ಅಡಕೆಗೆ ಧಾರಣೆಯನ್ನು ಕಟ್ಟಲಿಲ್ಲ. ವರ್ತಕರು ಹೆಚ್ಚಿದಷ್ಟೂ ತನ್ನ ಹುಟ್ಟುವಳಿಯು ಹೆಚ್ಚುವುದೆಂಬ ಸ್ವಂತ ಲಾಭದ ಲೆಕ್ಕವೇ ಆತನನ್ನು ಅವರ ಪೋಷಕನನ್ನಾಗಿ ಮಾಡಿರಬೇಕು. ಆಶ್ರಯವನ್ನು ಕೊಟ್ಟು ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳುವ ಈ ನಡತೆಯು ಔದಾರ್ಯದಿಂದ ಬಂದುದೋ ಲೋಭದಿಂದ ಬಂದುದೋ ಎಂಬ ಚರ್ಚೆ ನಮಗೆ ಬೇಡ. ಅದರ ಫಲವಾಗಿ ಊರು ಬೆಳೆಯಿತು.

ಟೀಪು ಸುಲ್ತಾನನ ಕಾಲಕ್ಕೆ ಪ್ರಭುತ್ವವು ಇನ್ನೊಂದು ವೇಷವನ್ನು ತೊಟ್ಟಿತು. ಮೆಣಸು, ಗಂಧ ಮೊದಲಾದ ಪದಾರ್ಥಗಳ ವ್ಯಾಪಾರವನ್ನು ಸುಲ್ತಾನನು ಸರ್ಕಾರದ ವಶಕ್ಕೆ ತೆಗೆದುಕೊಂಡನು. ಮಸ್ಕತ್ತಿನವರೆಗೂ ಕೋಠಿಗಳನ್ನು ಸ್ಥಾಪಿಸಿದನು. 1793–94ರ ವಾಣಿಜ್ಯ ನಿಬಂಧನೆಗಳಿಂದ ವರ್ತಕ ಇಲಾಖೆಯೊಂದನ್ನೇ ಏರ್ಪಡಿಸಿದನು. ಪ್ರಜೆಗಳು ಸರ್ಕಾರದ ವ್ಯಾಪಾರದಲ್ಲಿ ಹಣವನ್ನು ತೊಡಗಿಸಬಹುದೆಂದೂ, ಅಲ್ಪ ಮೊತ್ತವನ್ನಿಟ್ಟವನಿಗೆ ದೊಡ್ಡ ಮೊತ್ತದವನಿಗಿಂತ ಹೆಚ್ಚಿನ ಪ್ರಮಾಣದಲ್ಲಿ ಲಾಭವನ್ನು ಕೊಡತಕ್ಕುದೆಂದೂ ಆ ನಿಬಂಧನೆಗಳಲ್ಲಿ ಹೇಳಿದೆ. ಇದು ಮೂಢನ ಆಲೋಚನೆಯಲ್ಲ. ವ್ಯಾಪಾರವನ್ನೇ ಶಸ್ತ್ರವಾಗಿ ಹಿಡಿದು ಬಂದ ಇಂಗ್ಲಿಷ್ ಕಂಪೆನಿಯನ್ನು ಅದೇ ಶಸ್ತ್ರದಿಂದ ಎದುರಿಸಬೇಕೆಂದು ಆತನು ಬಗೆದನು. ಕಂಪೆನಿಯ ಮತ್ತು ಆರ್ಕಾಟಿನ ಸೀಮೆಗಳೊಡನೆ ವ್ಯಾಪಾರವನ್ನು ನಿಷೇಧಿಸಿದುದೂ ಈ ಉದ್ದೇಶದಿಂದಲೇ. ಆದರೆ ವಾಲಾಜಾಪೇಟೆಯ ದಾರಿಯೇ ಜೀವನಾಡಿಯಾಗಿದ್ದ ಒಂದು ಪೇಟೆಗೆ ಇಂತಹ ನಿಷೇಧದ ಅರ್ಥವೇನೆಂಬುದನ್ನು ವಿಸ್ತರಿಸಬೇಕಾಗಿಲ್ಲ. ದೊರೆಯೇ ವರ್ತಕನಾದರೆ ಮಿಕ್ಕ ವರ್ತಕರಿಗೆ ನ್ಯಾಯಕ್ಕಾಗಿ ಹೋಗಲು ಬಾಗಿಲು ಇನ್ನಾವುದು? ಸ್ವಾತಂತ್ರ್ಯವಾದಿಗಳ ಪಕ್ಷಕ್ಕೆ ಇದಕ್ಕಿಂತ ಬಲವಾದ ಸಾಕ್ಷ್ಯವು ನಮ್ಮ ಚರಿತ್ರೆಯಲ್ಲಿ ದೊರೆಯುವುದು ಕಷ್ಟ.

ಇದಕ್ಕಿಂತ ಬಲವಲ್ಲದಿದ್ದರೂ ಇದಕ್ಕಿಂತ ಸ್ವಾರಸ್ಯವಾದ ಸಾಕ್ಷ್ಯವೊಂದುಂಟು. 1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತವನ್ನು ವಹಿಸಿಕೊಂಡರು. ಅದಕ್ಕೆ ಹಿಂದಿನ ವರ್ಷಗಳಲ್ಲಿ ‘ಶರತ್ತು’ ಎಂಬ ಪದ್ಧತಿ ನಡೆಯುತ್ತಿದ್ದಿತು. ಇಂತಿಷ್ಟು ಹಣವನ್ನು ಎತ್ತಿಕೊಡುತ್ತೇನೆಂದು ಅಮಲ್ದಾರನು ಮುಚ್ಚಳಿಕೆ ಬರೆದುಕೊಡುವುದು. ಕಡಮೆಯಾದರೆ ಆತನೇ ತುಂಬತಕ್ಕುದು. ತುಂಬುವವನು ಎಲ್ಲಿಂದ ತುಂಬುತ್ತಾನೆ? ರೈತನ ಕಣದಿಂದ, ವರ್ತಕನ ಹೇರಿನಿಂದ. 1830ರಲ್ಲಿ ನಗರ ಸೀಮೆಯ ರೈತರು ದಂಗೆಯೆದ್ದುದಕ್ಕೆ ಇದೂ ಒಂದು ಮುಖ್ಯ ಕಾರಣ. ಆ ಬಳಿಕ ಬಂದ ಕಬ್ಬನ್ ಸಾಹೇಬನು ಸಂಸ್ಥಾನದಲ್ಲಿ ರೂಢಿಯಲ್ಲಿದ್ದ 769 ಚಿಲ್ಲರೆ ತೆರಿಗೆಗಳನ್ನು ರದ್ದುಗೊಳಿಸಿದನೆಂದು ಬರೆದಿದೆ. ಮದುವೆಗೆ ತೆರಿಗೆ, ಮಗು ಹುಟ್ಟಿದರೆ ತೆರಿಗೆ, ಹೆಸರಿಟ್ಟರೆ ತೆರಿಗೆ, ಅದರ ತಲೆಗೂದಲನ್ನು ತೆಗೆಸಿದರೆ ತೆರಿಗೆ! ಒಂದು ಹಳ್ಳಿಯವರ ಪೂರ್ವಿಕರು ಪಾಳೆಯಗಾರನೊಬ್ಬನ ತಪ್ಪಿಸಿಕೊಂಡ ಕುದುರೆಯನ್ನು ಹುಡುಕಿಕೊಡಲಿಲ್ಲವೆಂದು ಅವರ ಸಂತತಿಯವರು ತೆರುತ್ತಲೇ ಇದ್ದರಂತೆ. ನಗರ ಸೀಮೆಯ ಒಂದು ಗೊತ್ತಾದ ಸ್ಥಳದಲ್ಲಿ ಕೈಗಳನ್ನು ಮೈಗೆ ಅಂಟಿಸಿಕೊಳ್ಳದೆ ಬೀಸಿಕೊಂಡು ನಡೆದವನೂ ತೆರಬೇಕಾಗಿದ್ದಿತು. ಇವೆಲ್ಲವೂ ಸರ್ಕಾರದ ಕಡತಗಳಲ್ಲಿ ಹುಟ್ಟುವಳಿಯ ಬಾಬ್ತುಗಳೆಂದು ಕ್ರಮವಾಗಿ ದಾಖಲಾಗಿದ್ದುವೆಂಬುದೇ ಪರಮಾಶ್ಚರ್ಯ. ಪ್ರಭುತ್ವವು ಒಮ್ಮೆ ಹಾಕಿದ ತೆರಿಗೆಯು ಅದರ ಕಾರಣವು ಸತ್ತುಹೋದ ಮೇಲೂ ಬದುಕಿರುತ್ತದೆಂಬುದಕ್ಕೆ ಆ ಕುದುರೆಯು ಸಾಕ್ಷಿ. ಪುರಸಭೆಗಳು ಊರ ಬಾಗಿಲಲ್ಲಿ ಎತ್ತುತ್ತಿದ್ದ ಆಕ್ಟ್ರಾಯ್ ಸುಂಕವನ್ನು ಕರ್ನಾಟಕ ಸರ್ಕಾರವು 1979ರಲ್ಲಿ ತೆಗೆದಾಗ ಅದರ ಬದಲಿಗೆ ಪ್ರವೇಶ ತೆರಿಗೆಯೊಂದು ಬಂದಿತು. ಅದು 2017ರಲ್ಲಿ ಸರಕು ಮತ್ತು ಸೇವಾ ತೆರಿಗೆಯಲ್ಲಿ ಲೀನವಾಯಿತು. ಚೌಕಿಯು ಸ್ಥಳವನ್ನು ಬದಲಾಯಿಸುತ್ತದೆ, ಅಷ್ಟೆ.

ಇಷ್ಟು ಹೇಳಿ ಲೇಖನಿಯನ್ನು ಕೆಳಗಿಟ್ಟರೆ ಶೆಣೈಯವರ ಪಕ್ಷವು ಗೆದ್ದಂತೆಯೇ. ಆದರೆ ಪ್ರತಿಪಕ್ಷದ ಸಾಕ್ಷ್ಯವೂ ದಾವಣಗೆರೆಯಲ್ಲಿಯೇ ಇದೆ. ತೆರಿಗೆಗಳನ್ನು ತೆಗೆದ ಆ ಆಡಳಿತವೇ ರಸ್ತೆಗಳನ್ನೂ ಮಾಡಿತು. ಹರಿಹರದಲ್ಲಿ ತುಂಗಭದ್ರೆಗೆ 60 ಅಡಿ ಅಗಲದ 14 ಕಮಾನುಗಳ ಸೇತುವೆಯು 1868ರಲ್ಲಿ ಮುಗಿದಾಗ ಅದಕ್ಕೆ ಸುಮಾರು ಮೂರೂವರೆ ಲಕ್ಷ ರೂಪಾಯಿಗಳು ವೆಚ್ಚವಾಗಿದ್ದುವು. ಯಾವ ಮಂಡಿಯ ಸಾಹುಕಾರನೂ ಆ ಹಣವನ್ನು ಹೂಡುತ್ತಿರಲಿಲ್ಲ. ಬೆಂಗಳೂರಿನಿಂದ ಧಾರವಾಡಕ್ಕೆ ಹೋಗುವ ಹೆದ್ದಾರಿಯೂ, 1880ರ ದಶಕದ ಕೊನೆಯಲ್ಲಿ ಬಂದ ರೈಲುಮಾರ್ಗವೂ ವಾಲಾಜಾಪೇಟೆಯ ಎತ್ತಿನ ದಾರಿಯನ್ನು ಹಳತಾಗಿಸಿ, ಅಡಕೆಯ ಪೇಟೆಯನ್ನು ಹತ್ತಿಯ ಪೇಟೆಯನ್ನಾಗಿ ಮಾರ್ಪಡಿಸಿದುವು. ಹತ್ತಿಯಿಂದ ಗಿರಣಿಗಳು ಬಂದುವು: ದಾವಣಗೆರೆ ಕಾಟನ್ ಮಿಲ್ಲು, ಶಂಕರ್ ಮಿಲ್ಲು, ಚಂದ್ರೋದಯ ಮಿಲ್ಲು, ತೋಳಹುಣಸೆಯ ಯಲ್ಲಮ್ಮ ಮಿಲ್ಲು ಮುಂತಾದವು. ಹರಿಹರದಲ್ಲಿ 1941ರಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಗೂ ಸಂಸ್ಥಾನದ ಪ್ರೋತ್ಸಾಹವಿದ್ದಿತು.

ಇನ್ನು ಪೇಟೆಯ ಒಳಗಣ ಸ್ವಾತಂತ್ರ್ಯವು ಎಂತಹುದು? ಹತ್ತಿಯ ಗಾಡಿಯನ್ನು ಹೊಡೆದುಕೊಂಡು ಬಂದ ರೈತನ ಕಣ್ಣಮುಂದೆಯೇ ದಲಾಲಿಯೂ ಖರೀದಿದಾರನೂ ವಸ್ತ್ರದ ಮರೆಯಲ್ಲಿ ಬೆರಳುಗಳನ್ನು ಮುಟ್ಟಿ ಧಾರಣೆಯನ್ನು ಗೊತ್ತುಮಾಡುವ ಪದ್ಧತಿಯು ದೇಶದ ಅನೇಕ ಪೇಟೆಗಳಲ್ಲಿದ್ದಿತೆಂದು 1928ರ ರಾಯಲ್ ಕೃಷಿ ಆಯೋಗದ ವರದಿಯ ಕಾಲದಿಂದಲೂ ಪ್ರಸಿದ್ಧವಾಗಿದೆ. ದಲಾಲಿ, ಹಮಾಲಿ, ತೂಕದ ಕೂಲಿ, ಧರ್ಮಾದಾಯ ಎಂದು ಕಳೆಯುತ್ತ ಹೋಗಿ ಉಳಿದುದು ರೈತನದು. ವಸ್ತ್ರದ ಕೆಳಗೆ ಕುದುರಿದ ಬೆಲೆಯನ್ನು ಸ್ವತಂತ್ರವಾದ ಬೆಲೆಯೆಂದು ಕರೆಯಲು ನನಗೆ ಮನಸ್ಸು ಬಾರದು; ಅಲ್ಲಿ ಒಬ್ಬನಿಗೆ ತಿಳಿವಳಿಕೆಯೇ ಇಲ್ಲ. ಬಹಿರಂಗವಾದ ಸವಾಲು, ಪರೀಕ್ಷಿಸಿದ ತೂಕ, ಗೊತ್ತಾದ ದಲಾಲಿ ಇವುಗಳನ್ನು ವಿಧಿಸಿ ಮೈಸೂರು ಸಂಸ್ಥಾನವು 1939ರಲ್ಲಿ ಕೃಷಿ ಉತ್ಪನ್ನ ಮಾರುಕಟ್ಟೆಗಳ ಕಾನೂನನ್ನು ಮಾಡಿತು. ಏಕೀಕರಣದ ತರುವಾಯ 1966ರ ಅಧಿನಿಯಮವು ಅದರ ಸ್ಥಾನಕ್ಕೆ ಬಂದಿತು. ಇಲ್ಲಿ ಸರ್ಕಾರವು ಬೆಲೆಯನ್ನು ಕಟ್ಟಲಿಲ್ಲ, ವಸ್ತ್ರವನ್ನು ತೆಗೆಸಿತು.

ಆದರೆ ಸರ್ಕಾರವು ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತಿತೆ? ಗಿರಣಿಗಳ ಕಥೆಯು ಹಾಗೆ ಹೇಳುವುದಿಲ್ಲ. ಯುದ್ಧಕಾಲದಲ್ಲಿ, 1943ರಲ್ಲಿ, ಬಟ್ಟೆಗೂ ನೂಲಿಗೂ ಹಾಕಿದ ನಿಯಂತ್ರಣವು ಯುದ್ಧದೊಡನೆ ಮುಗಿದುಹೋಗಲಿಲ್ಲ. ಕೈಮಗ್ಗದವರನ್ನು ಕಾಪಾಡುವ ಸದುದ್ದೇಶದಿಂದ 1950ರ ದಶಕದಲ್ಲಿ ಗಿರಣಿಗಳು ಮಗ್ಗಗಳನ್ನು ಹೆಚ್ಚಿಸದಂತೆ ತಡೆದರು. ಅದರ ಲಾಭವನ್ನು ಉಂಡುದು ಬಹುಮಟ್ಟಿಗೆ ವಿದ್ಯುನ್ಮಗ್ಗಗಳು. ಯಂತ್ರಗಳು ಹಳೆಯವಾದುವು, ಕೂಲಿಯ ವಿವಾದಗಳು ಬೆಳೆದುವು. ಕಾಯಿಲೆ ಬಿದ್ದ ಗಿರಣಿಗಳನ್ನು ರಾಷ್ಟ್ರೀಕರಿಸಿದ 1974ರ ಅಧಿನಿಯಮದ ಪಟ್ಟಿಯಲ್ಲಿ ಬೆಂಗಳೂರಿನ ಮಿನರ್ವ ಮಿಲ್ಲಿನೊಡನೆ ಯಲ್ಲಮ್ಮ ಮಿಲ್ಲಿನ ಹೆಸರೂ ಸೇರಿತು. ಮಾಲಿಕರ ದೋಷವೆಷ್ಟು, ಲೈಸೆನ್ಸಿನ ದೋಷವೆಷ್ಟು ಎಂದು ತಕ್ಕಡಿಯಲ್ಲಿ ತೂಗಿಕೊಡುವುದು ಸಾಧ್ಯವಿಲ್ಲ. ಎಲ್ಲವೂ ಲೈಸೆನ್ಸಿನಿಂದಲೇ ಕೆಟ್ಟಿತೆಂಬುದು ಮಾಲಿಕರಿಗೆ ಅನುಕೂಲವಾದ ಮಾತು. ಲೈಸೆನ್ಸಿನಿಂದ ಏನೂ ಕೆಡಲಿಲ್ಲವೆಂಬುದು ಅಧಿಕಾರಿಗಳಿಗೆ ಅನುಕೂಲವಾದ ಮಾತು. ವರ್ತಕರ ಈ ಊರು ಕಾರ್ಮಿಕ ನಾಯಕರಾದ ಪಂಪಾಪತಿಯವರನ್ನು ಕಮ್ಯುನಿಸ್ಟ್ ಪಕ್ಷದಿಂದ ವಿಧಾನಸಭೆಗೆ ಕಳುಹಿಸಿತೆಂಬುದನ್ನು ಮಾತ್ರ ಎರಡು ಕಡೆಯವರೂ ನೆನೆಯುವುದು ಒಳ್ಳೆಯದು.

ವ್ಯಾಪಾರದ ಬುದ್ಧಿಯು ಸಂಸ್ಕೃತಿಯನ್ನು ಕೆಡಿಸುವುದೆಂದು ಈಗಿನವರು ಆಗಾಗ ಆಕ್ಷೇಪಿಸುತ್ತಾರೆ. ದಾವಣಗೆರೆಯಲ್ಲಿ ಛತ್ರವನ್ನು ಕಟ್ಟಿಸಿದವರೂ ಕಾಲೇಜುಗಳಿಗೆ ಹಣವನ್ನು ಕೊಟ್ಟವರೂ ಬಹುಮಟ್ಟಿಗೆ ವರ್ತಕರೇ. ರಾಜನಹಳ್ಳಿ ಮನೆತನದ ಹೆಸರು ಇದಕ್ಕೆ ಸಾಕು. ಆದರೆ ಆ ಮನೆತನದ ಮದ್ದೂರಾಯಪ್ಪನವರ ಹೆಸರಿನ ಹಿಂದೆ ‘ಧರ್ಮಪ್ರಕಾಶ’ ಎಂಬ ಬಿರುದಿರುವುದನ್ನು ನೋಡಿರಿ. ದಾನವು ಪೇಟೆಯದು, ಬಿರುದು ಅರಮನೆಯದು. ಪ್ರಭುವಿನ ಮನ್ನಣೆಯನ್ನೇ ಬೇಡದ ವರ್ತಕನು ನಮ್ಮಲ್ಲಿ ಪುಸ್ತಕದ ಹೊರಗೆ ವಿರಳ.

2020ರಲ್ಲಿ ಭಾರತ ಸರ್ಕಾರವು ಮಾರುಕಟ್ಟೆಯ ಪ್ರಾಂಗಣದ ಹೊರಗೂ ಬೆಳೆಯನ್ನು ಕೊಂಡು ಮಾರುವ ಸ್ವಾತಂತ್ರ್ಯವನ್ನು ಶಾಸನದಿಂದ ಕೊಟ್ಟಿತು. ಕರ್ನಾಟಕವೂ ತನ್ನ 1966ರ ಅಧಿನಿಯಮವನ್ನು ಆ ದಿಕ್ಕಿನಲ್ಲಿಯೇ ತಿದ್ದಿತು. ಕೇಂದ್ರದ ಶಾಸನಗಳನ್ನು ರೈತರ ಪ್ರತಿಭಟನೆಯ ಬಳಿಕ 2021ರಲ್ಲಿ ಹಿಂತೆಗೆದುಕೊಳ್ಳಬೇಕಾಯಿತು. ಸ್ವಾತಂತ್ರ್ಯವನ್ನು ಕೊಟ್ಟರೆ ಅದನ್ನು ರೈತರು ಏಕೆ ಬೇಡವೆಂದರು? ವಸ್ತ್ರದ ಕೆಳಗಣ ಬೆರಳುಗಳ ನೆನಪು ಅವರಿಗೆ ಇನ್ನೂ ಇದ್ದಿತೆಂಬುದು ನನ್ನ ಊಹೆ. ಮೆಕ್ಕೆಜೋಳದ ಸುಗ್ಗಿಯಲ್ಲಿ ಬೆಲೆಯು ಬಿದ್ದಾಗ ಸರ್ಕಾರವೇ ಕೊಳ್ಳಲೆಂದು ಕೂಗುವವರೂ ಬೆಲೆಯೇರಿದಾಗ ಸರ್ಕಾರವು ದೂರವಿರಲೆಂದು ಬಯಸುವವರೂ ಒಬ್ಬರೇ ಆಗಿರುವುದನ್ನು ಕಂಡು ನಗುವವರು, ಅಪೋಜಿ ರಾಮನು ಕರೆದು ನೆಲೆಗೊಳಿಸಿದ ವರ್ತಕರೂ ಇದನ್ನೇ ಬಯಸಿದ್ದಿರಬೇಕೆಂಬುದನ್ನು ಆಲೋಚಿಸಬೇಕು.

ಮೇಲೆ ಹೇಳಿದುದೆಲ್ಲವೂ ಹೆಚ್ಚಾಗಿ ಅರಸರ, ಆಯೋಗಗಳ, ಪರದೇಶದ ಪ್ರವಾಸಿಗಳ ಬರಹಗಳನ್ನು ಅವಲಂಬಿಸಿದುದು. ಪೇಟೆಯ ಚರಿತ್ರೆಯನ್ನು ಪೇಟೆಯ ಖಾತೆ ಕಿರ್ದಿಗಳಿಂದ ಬರೆಯಬೇಕು. ಮಂಡಿಪೇಟೆಯ ಅಟ್ಟಗಳಿಂದ ಹೊಸ ಬಡಾವಣೆಗಳಿಗೆ ಮನೆಗಳನ್ನು ಬದಲಾಯಿಸುವಾಗ ಇಂತಹ ಕಾಗದಗಳು ರದ್ದಿಯ ತೂಕಕ್ಕೆ ಹೋಗುವುದು ಸಹಜ. ಹಾಗೆ ಹೋಗದೆ ಉಳಿದಿರುವ ಹಳೆಯ ಲೆಕ್ಕದ ಪುಸ್ತಕಗಳನ್ನು ಉಳ್ಳ ಮನೆಯವರು, ಅವು ಗೆದ್ದಲಿನ ಪಾಲಾಗುವುದಕ್ಕೆ ಮುಂಚೆ, ಯಾವುದಾದರೊಂದು ಪುಸ್ತಕಭಂಡಾರದಲ್ಲಿ ನಕಲು ತೆಗೆಯಲು ಅವಕಾಶವಿತ್ತರೆ, ಮುಂದಿನ ಸಂಶೋಧಕನು ವಾಲಾಜಾಪೇಟೆಗೆ ಹೋದ ಅಡಕೆಯ ಹೇರಿನ ಮೇಲೆ ದಾರಿಯುದ್ದಕ್ಕೂ ಎಷ್ಟು ಕಡೆ ಸುಂಕ ಬಿದ್ದಿತೆಂಬುದನ್ನು ಎಣಿಸಿ ಹೇಳಬಲ್ಲನು.