ವಿದ್ಯುತ್ತಿನ ಕೆರೆಯಿಂದ ಬಂದ ಮೀನು

ಕಲ್ಯಾಣ ಚಾಲುಕ್ಯರ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ವನ್ನು ತರಗತಿಯಲ್ಲಿ ಹೆಸರಿಸುವಾಗಲೆಲ್ಲ, ಅದರೊಳಗಿನ ‘ಮತ್ಸ್ಯವಿನೋದ’ವನ್ನು ನಾನು ನಗುತ್ತ ದಾಟಿಬಿಡುತ್ತಿದ್ದೆ. ಗಾಳದ ದಾರ ಹೇಗಿರಬೇಕು, ಯಾವ ಮೀನಿಗೆ ಎಂಥ ಎರೆ ಒಡ್ಡಬೇಕು ಎಂಬುದನ್ನು ಅರಸನೊಬ್ಬನು ಶ್ಲೋಕಗಳಲ್ಲಿ ಬರೆದನಲ್ಲ ಎಂದು ಸೋಜಿಗವಾಗುತ್ತಿತ್ತು. ನಾನು ಗಾಳ ಹಿಡಿದವನಲ್ಲ. ನಿವೃತ್ತಿಯ ಬಿಡುವಿನಲ್ಲಿ ಕಾವೇರಿಯ ಮಹಸೀರಿನ ಕಥೆಯನ್ನು ಓದಿದ ಮೇಲೆ ಆ ನಗೆ ಉಳಿಯಲಿಲ್ಲ. ನಮ್ಮ ಹೊಳೆಯಂಚಿನವರು ‘ಬಿಳಿ ಮೀನು’ ಎನ್ನುವುದು ಇದನ್ನೇ.

ಕಾವೇರಿಯಿಂದ ವಿದ್ಯುತ್ತು ಹುಟ್ಟಿದ್ದು 1902ರಲ್ಲಿ, ಶಿವನಸಮುದ್ರದಲ್ಲಿ. ಅಲ್ಲಿಂದ ಕೋಲಾರದ ಚಿನ್ನದ ಗಣಿಗಳವರೆಗೆ ತಂತಿ ಎಳೆದರು. ಆ ಯಂತ್ರಗಳಿಗೆ ಬೇಸಗೆಯಲ್ಲಿಯೂ ನೀರು ತಪ್ಪದಿರಲೆಂಬುದು 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸವನ್ನು ಆರಂಭಿಸಿದ ಕಾರಣಗಳಲ್ಲೊಂದು. ಗಾಳದ ವಿನೋದವೂ ಅದೇ ಹೊಳೆಯಲ್ಲಿ ನಡೆದಿತ್ತು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಉಪನದಿಯಾದ ಕಬಿನಿಯಲ್ಲಿ 120 ಪೌಂಡಿನ ಮಹಸೀರನ್ನು ಹಿಡಿದರು. ಬೆನ್ನು ಗೂನು, ಈಜುರೆಕ್ಕೆಗಳು ಕಿತ್ತಳೆ ಬಣ್ಣ. ಆ ಗೂನುಬೆನ್ನಿನ ಮೀನು ಕಾವೇರಿಯ ನೀರಿನ ಬಳಗದಲ್ಲಲ್ಲದೆ ಬೇರೆಲ್ಲಿಯೂ ಅಷ್ಟಾಗಿ ಬೆಳೆದದ್ದಿಲ್ಲ. ಮೊಟ್ಟೆಯಿಡಲು ಹೊಳೆಯ ಮೇಲಕ್ಕೆ ಸಾಗುವ ಮಹಸೀರಿನ ದಾರಿಗೆ ಕಟ್ಟೆಗಳು ಅಡ್ಡ ನಿಂತವು. ಸಿಡಿಮದ್ದು ಎಸೆದು ಮೀನು ಹಿಡಿಯುವ ಪಿಡುಗು ಬೇರೆ.

ಪರಿಹಾರವು ಮತ್ತೊಂದು ವಿದ್ಯುತ್ ಯೋಜನೆಯ ಕೆರೆಯಿಂದಲೇ ಬಂತು. ಮುಂಬಯಿ–ಪುಣೆ ದಾರಿಯ ಲೋಣಾವಳದಲ್ಲಿ ಟಾಟಾ ಸಂಸ್ಥೆ ಕೆರೆಗಳನ್ನು ಕಟ್ಟಿಸಿತು. 1915ರಿಂದ ಘಟ್ಟದ ಮೇಲಿನ ನೀರು ಖೋಪೋಲಿಗೆ ಧುಮುಕಿ ಮುಂಬಯಿಯ ಗಿರಣಿಗಳಿಗೆ ವಿದ್ಯುತ್ತು ಕೊಟ್ಟಿತು. ಆ ಕೆರೆಗಳ ಪೈಕಿ ವಳವಣದ ದಂಡೆಯಲ್ಲಿ, 1970ರ ದಶಕದಲ್ಲಿ, ಮತ್ಸ್ಯತಜ್ಞ ಡಾ. ಸಿ. ವಿ. ಕುಲಕರ್ಣಿ ಮೊದಲಾದವರು ಮಹಸೀರಿನ ಸಂತಾನ ಬೆಳೆಸಿದರು. ಹೆಣ್ಣಿನ ಮೊಟ್ಟೆಯನ್ನು ಮೆಲ್ಲನೆ ಹಿಂಡಿ ತೆಗೆದು, ಗಂಡಿನ ರೇತಸ್ಸನ್ನು ಬೆರೆಸಿ, ಹರಿಯುವ ನೀರಿನಲ್ಲಿ ಮರಿ ಮಾಡಿಸುವ ತಾಳ್ಮೆಯ ಕೆಲಸ ಅದು. ಮರಿಗಳು ಹಲವು ರಾಜ್ಯಗಳಿಗೆ ಹೋದವು, ಕಾವೇರಿಗೂ ಬಂದವು. ಆದರೆ ಅವು ನೀಲಿ ರೆಕ್ಕೆಯ ಇನ್ನೊಂದು ಜಾತಿ. ಎರಡೂ ಮಹಸೀರೇ ಅಲ್ಲವೇ ಎಂದು ಆಗ ಯಾರೂ ಬೇರೆ ಮಾಡಿ ನೋಡಲಿಲ್ಲ.

ಶಿವನಸಮುದ್ರದ ಕೆಳಗೆ ಭೀಮೇಶ್ವರಿ, ಗಾಲಿಬೋರೆಗಳಲ್ಲಿ ಗಾಳಗಾರರ ಶಿಬಿರಗಳು ಬೆಳೆದವು. ಹಿಡಿದ ಮೀನನ್ನು ತೂಗಿ ಮತ್ತೆ ಹೊಳೆಗೇ ಬಿಡುವುದು ಅಲ್ಲಿಯ ನಿಯಮ. ಕಾವಲಿದ್ದುದರಿಂದ ಮೀನು ಹೆಚ್ಚಿತೆಂಬುದನ್ನು ಒಪ್ಪಲೇಬೇಕು. ಇನ್ನೂ ದೊಡ್ಡ ಉಪಕಾರವೆಂದರೆ ಅವರು ಬರೆದಿಟ್ಟ ಲೆಕ್ಕ: 1998ರಿಂದ 2012ರವರೆಗೆ 23,620 ಗಂಟೆಗಳ ಗಾಳ, 6,161 ಮೀನು. ಅದನ್ನು ಪರಿಶೀಲಿಸಿದ ವಿಜ್ಞಾನಿಗಳು 2015ರಲ್ಲಿ ತಿಳಿಸಿದ್ದು ಕಹಿಯಾದದ್ದು. ಮೀನು ಹೆಚ್ಚಾಗಿತ್ತು, ನಿಜ. ಹೆಚ್ಚಿದ್ದು ನೀಲಿ ರೆಕ್ಕೆಯದು. ಗೂನುಬೆನ್ನಿನದು ಬಹುಪಾಲು ಕಾಣೆಯಾಗಿತ್ತು. ಅಷ್ಟರಲ್ಲಿ, 2012ರಲ್ಲಿಯೇ, ಅಭಯಾರಣ್ಯದೊಳಗೆ ಗಾಳ ನಿಂತುಹೋಗಿತ್ತು; ಲೆಕ್ಕ ಬರೆಯುವ ಕೈಯೂ ನಿಂತಿತು.

ಭಾಷೆಯ ಮೇಷ್ಟರಾದ ನನ್ನನ್ನು ಕಾಡುವುದು ಹೆಸರಿನ ಸಂಗತಿ. ಪೌಂಡು ಪೌಂಡಾಗಿ ಅಳೆದು, ಪಕ್ಕದಲ್ಲಿ ನಿಂತು ಭಾವಚಿತ್ರ ತೆಗೆಸಿಕೊಂಡ ಈ ಮೀನಿಗೆ ಸರಿಯಾದ ಶಾಸ್ತ್ರೀಯ ಹೆಸರು ನಿಶ್ಚಯವಾದದ್ದು 2018ರಲ್ಲಿ. ಕೇರಳದ ಪಾಂಬಾರಿನ ಮೀನಿಗೆ 2007ರಲ್ಲಿ ಇಟ್ಟಿದ್ದ ‘ಟೋರ್ ರೆಮಾದೇವಿ’ ಎಂಬ ಹೆಸರೇ ಇದಕ್ಕೂ ಸಲ್ಲತಕ್ಕದ್ದೆಂದು ಆಗ ತಿಳಿಯಿತು. ಹೆಸರು ದೊರೆತ ವರ್ಷವೇ ಅದು ಅಳಿವಿನ ತೀರ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು. ಗುರುತಿಸಲು ಆಧಾರವಾದ ಮೀನುಗಳು ಸಿಕ್ಕಿದ್ದು ಕಾವೇರಿಯ ಮುಖ್ಯ ಪ್ರವಾಹದಲ್ಲಲ್ಲ. ನೀಲಗಿರಿಯ ತಪ್ಪಲಲ್ಲಿ ಹರಿದು ಭವಾನಿಯ ಮೂಲಕ ಅದನ್ನು ಸೇರುವ ಮೋಯಾರಿನಲ್ಲಿ. ಆ ಮೋಯಾರಿನ ಕಣಿವೆಯಲ್ಲಿಯೂ ಒಂದು ವಿದ್ಯುದಾಗಾರವಿದೆ.